ಮಲ್ಹಾರನಿಗೆ ಇನ್ನೊಂದು ಹೆಸರು

ಹದಿನೆಂಟು ವರ್ಷ ಸಾತಾರಾದ ಬಸ್ಸುಗಳಲ್ಲಿ ಕಂಡಕ್ಟರಾಗಿ ದುಡಿದವಳು ನಾನು. ಟಿಕೆಟ್ ಇಲ್ಲದವರನ್ನು ಮುಖ ನೋಡಿಯೇ ಹೇಳುತ್ತಿದ್ದೆ. ಅಂಥ ನಾನೇ ಆ ಹೆಂಗಸಿನ ಹಣೆಗೆ ಕುಂಕುಮ ಹಚ್ಚಿ ಒಳಗೆ ಕೂರಿಸಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ.

ಸಂಕ್ರಾಂತಿಯ ಮರುವಾರ ಮೊಮ್ಮಗ ಮಲ್ಹಾರನ ಬೋರ್‌ನ್ಹಾಣ ಇಟ್ಟುಕೊಂಡಿದ್ದೆವು. ಮಗುವಿಗೆ ಕರಿ ಅಂಗಿ, ಸಕ್ಕರೆ ಕಟ್ಟಿದ ಕುಸುರೆಳ್ಳಿನ ಒಡವೆ ತೊಡಿಸಿ, ತಲೆಯ ಮೇಲೆ ಬೋರೆಹಣ್ಣು, ಚುರುಮುರಿ ಸುರಿಯುವುದು. ಸೊಸೆ ಕೇತಕಿ ಎಂಟು ದಿನ ಮೊದಲೇ ಫೋನಿನಲ್ಲಿ ಡಂಗುರ ಸಾರಿದ್ದಳು, ಮನೆ ಗುರುತಿನ ಸಮೇತ. ಮಗು ಹುಟ್ಟಿದ ಗಳಿಗೆಯಿಂದ ಅವಳದು ಅದೇ ಕೆಲಸ. ಮೊದಲ ಹಲ್ಲು, ಆಸ್ಪತ್ರೆಯ ಚೀಟಿ, ಸೂಜಿ ಹಾಕಿಸಿದ ತೋಳು, ಮಲಗಿಸುವ ಜೋಗುಳ, ಎಲ್ಲವೂ ಫೋಟೋ, ವಿಡಿಯೊ ಆಗಿ ಊರ ಮುಂದೆ.

"ಅಲ್ಲವಾ, ಕೂಸಿಗೆ ದೃಷ್ಟಿ ಆಗಂಗಿಲ್ಲೇನು?" ಎಂದು ನಾನು ಬೈದರೆ ಅವಳು ನಗುತ್ತಿದ್ದಳು.

"ಎಷ್ಟು ಮಂದಿ ಹರಸ್ತಾರ ನೋಡ್ರಿ ಆಯಿ. ನಿಮ್ಮ ಬಸ್ಸಿನ್ಯಾಗ ಇಷ್ಟು ಮಂದಿ ಹತ್ತಿರಲಿಕ್ಕಿಲ್ಲ!"

ಅರಿಷಿಣ-ಕುಂಕುಮಕ್ಕೆ ಬಂದವಳನ್ನು 'ನೀ ಯಾರು' ಎಂದು ಕೇಳುವ ರೂಢಿ ನಮ್ಮಲ್ಲಿಲ್ಲ. ಕರಿ ಸೀರೆಯುಟ್ಟ ಆ ತೆಳ್ಳನೆಯ ಹೆಂಗಸು ಬಂದಾಗ ನಾನು ಸೊಸೆಯ ಗೆಳತಿ ಅಂದುಕೊಂಡೆ. ಸೊಸೆ ನನ್ನ ಕಡೆಯವಳು ಅಂದುಕೊಂಡಳು.

ಅವಳು ಡಬ್ಬಿ ತೆರೆದು ಕುಸುರೆಳ್ಳಿನ ಕಿರೀಟ, ಹಾರ, ವಂಕಿ ತೆಗೆದಳು. ನಾವು ತಂದ ಕಿರೀಟ ಮಗುವಿನ ಮೂಗಿನವರೆಗೆ ಜಾರುತ್ತಿತ್ತು. ಅವಳದು ಅಳತೆ ತೆಗೆದು ಮಾಡಿದಷ್ಟು ಸರಿಯಾಗಿ ಕೂತಿತು.

"ಎಡಗಡೆ ವಂಕಿ ಸ್ವಲ್ಪ ಸಡ್ಲ ಮಾಡೇನ್ರಿ. ಮಂಗಳವಾರ ಸೂಜಿ ಹಾಕ್ಸೀವಲ್ಲ, ತೋಳು ಬಾತದ."

ಹಾಕಿಸಿದೆವು ಅಂದಳು. ಯಾವ ನಾವು ಎಂದು ಕೇಳಹೊರಟೆ. ಆದರೆ ಮನೆ ತುಂಬ ಜನ, ಆರತಿಯ ಗಡಿಬಿಡಿ. ದೀಪ ಹಚ್ಚಲು ಹೋದೆ.

ಹಣ್ಣು ಸುರಿದದ್ದೇ ತಡ, ಮಕ್ಕಳೆಲ್ಲ ಆಯಲು ಮುಗಿಬಿದ್ದರು. ಬೆದರಿದ ಮಲ್ಹಾರ ಕಿಟಾರನೆ ಕಿರುಚಿದ. ತಾಯಿ ಎತ್ತಿಕೊಂಡರೂ ಅಳು ನಿಲ್ಲಲಿಲ್ಲ. ಆ ಹೆಂಗಸು ಕೈ ಚಾಚಿ ತೆಗೆದುಕೊಂಡು ನಮ್ಮ ಮನೆಯ ಜೋಗುಳ ಹಾಡಿದಳು. ಮೂರನೇ ಸಾಲು ಮರೆತು ಕೇತಕಿ ಬರೀ ಗುನುಗುತ್ತಾಳೆ. ಇವಳೂ ಅಲ್ಲಿಯೇ ಗುನುಗಿದಳು. ಆಮೇಲೆ ಕಿವಿಯಲ್ಲಿ "ಓಜಸ್" ಎಂದಳು. ಮಗು ಅವಳ ಭುಜಕ್ಕೆ ತಲೆಯಿಟ್ಟಿತು.

ಅವಳು ಬಾಗಿಲತ್ತ ನಡೆದಳು. ನಾನು ಅಡ್ಡ ನಿಂತೆ.

"ಎಲ್ಲಿಗೆವಾ?"

"ಮನೀಗ್ರಿ. ಅವನ ನಿದ್ದಿ ಹೊತ್ತಾತು."

ಕಣ್ಣಲ್ಲಿ ಕಳ್ಳತನವೇ ಇರಲಿಲ್ಲ. ಇಳಿಯುವ ಊರು ಹೇಳಿದಷ್ಟು ಸಹಜವಾಗಿ ಹೇಳಿದಳು. ಮಗುವನ್ನು ಕಿತ್ತುಕೊಂಡೆ. ಅವಳು ಜಗಳವಾಡಲಿಲ್ಲ.

"ಬಾಳೆಹಣ್ಣು ಕೊಡಬ್ಯಾಡ್ರಿ, ನೆಗಡಿ ಆಗ್ತದ ಅವ್ಗ," ಎಂದು ಮೆಟ್ಟಿಲಿಳಿದು ಹೋದಳು.

ಕೇತಕಿ ಫೋನಿನಲ್ಲಿ ಆ ಹೆಸರು ಹುಡುಕಿದಳು. ಕೇತಕಿ ಹಾಕಿದ ಚಿತ್ರಗಳಲ್ಲೇ, ಹುಟ್ಟಿದ ದಿನದಿಂದ ಹದಿನಾಲ್ಕು ತಿಂಗಳವರೆಗಿನ ಮಲ್ಹಾರ ಅಲ್ಲಿದ್ದ, ಓಜಸ್ ಎಂಬ ಹೆಸರಿನಲ್ಲಿ. ತಾಯಿ ಆ ಹೆಂಗಸು. ಅರವತ್ತು ಸಾವಿರ ಜನ ಅವನ ಯೋಗಕ್ಷೇಮ ಕೇಳುತ್ತಿದ್ದರು. ಠಾಣೆಯಲ್ಲಿ ದೂರು ಬರೆದುಕೊಂಡರು, ಹುಡುಕುತ್ತೇವೆ ಎಂದರು.

"ಇದರಾಗಿಂದನ ನೋಡ್ತಾಳ ಆಯಿ, ಇದರಾಗಿಂದನ!" ಎಂದು ಅಳುತ್ತ ಕೇತಕಿ ಹಾಕಿದ್ದನ್ನೆಲ್ಲ ಅಳಿಸಿದಳು. ಫೋನಿನಲ್ಲಿದ್ದ ಒಂದು ಚಿತ್ರವನ್ನೂ ಉಳಿಸಲಿಲ್ಲ. ಒಳ್ಳೆಯದಾಯಿತು ಬಿಡು ಎಂದೆ ನಾನು.

ಒಂಬತ್ತು ದಿನದ ಮೇಲೆ ಸಂತೆಗೆ ಹೋಗಿದ್ದೆವು. ನಾನು ಮೆಂತ್ಯದ ಸೂಡು ಆರಿಸುತ್ತಿದ್ದೆ. ಕಾಲೇಜು ಹುಡುಗಿಯೊಬ್ಬಳು ನಿಂತು, "ಅಯ್ಯ, ಓಜಸ್!" ಎಂದಳು. ಕೇತಕಿಯ ಕಂಕುಳಲ್ಲಿದ್ದ ಮಲ್ಹಾರ ತಿರುಗಿ ನಕ್ಕ. ಹುಡುಗಿ ನಮ್ಮ ಮುಖ ನೋಡಿದಳು. ಅವಳ ನಗು ಇಂಗಿತು.

"ಇವನ ತಾಯಿ ಎಲ್ಲಿ?"

"ನಾನ ಇವನ ತಾಯಿ," ಎಂದಳು ಕೇತಕಿ.

ಹುಡುಗಿ ಫೋನು ಚಾಚಿದಳು. ಕರಿ ಅಂಗಿಯ ಮಲ್ಹಾರ, ಆ ಹೆಂಗಸಿನ ಭುಜದ ಮೇಲೆ, ಅವತ್ತು ನಮ್ಮ ಮನೆಯಲ್ಲೇ ಯಾರೋ ತೆಗೆದದ್ದು. ಕೆಳಗೆ ಬರಹ: ನನ್ನ ಮಗನನ್ನು ಕದ್ದಿದ್ದಾರೆ, ಕಂಡವರು ಬಿಡಬೇಡಿ.

"ಮಕ್ಕಳ ಕಳ್ಳಿ!" ಎಂದು ಕೂಗಿ ಹುಡುಗಿ ಕೇತಕಿಯ ರಟ್ಟೆ ಹಿಡಿದಳು. ಕ್ಷಣದಲ್ಲಿ ಸಂತೆಯೇ ಸುತ್ತುವರಿಯಿತು.

"ನಿಮ್ಮ ಕೂಸಾದ್ರ ಒಂದು ಫೋಟೋ ತೋರಸ್ರಿ ಮತ್ತ," ಎಂದ ಈರುಳ್ಳಿಯವನು.

ಕೇತಕಿ ಫೋನು ತೆಗೆದಳು. ಬೆರಳಾಡಿಸಿದಳು, ಮತ್ತೆ ಆಡಿಸಿದಳು. ಏನೂ ಇರಲಿಲ್ಲ. "ನಾ ಇವನ ಅಜ್ಜಿ ಅದೀನೋ, ನಿಮ್ಮ ಬಾಯಾಗ ಮಣ್ಣು ಹಾಕ!" ಎಂದು ನಾನು ಗಂಟಲು ಹರಿಯುವಂತೆ ಕೂಗಿದೆ. "ಮುದುಕಿನೂ ಕೂಡ್ಯಾಳ," ಎಂದರು. ಯಾರೋ ಮಗುವನ್ನು ಕೇತಕಿಯ ಕಂಕುಳಿಂದ ಬಿಡಿಸಿಕೊಂಡರು. ಅದು ಚೀರುತ್ತಿತ್ತು.

"ಗಾಬರಿ ಆಗಬ್ಯಾಡ್ರಿ," ಎಂದಳು ಹುಡುಗಿ, ಫೋನು ಕಿವಿಗಿಟ್ಟುಕೊಂಡೇ. "ಅವನ ತಾಯಿ ಇಲ್ಲೇ ಸಮೀಪ ಅದಾರಂತ. ಬರಾಕತ್ತಾರ."

ಬಂದಳು. ಜನ ತಾವಾಗಿಯೇ ದಾರಿ ಬಿಟ್ಟರು. ಮಲ್ಹಾರ ಅಳು ನಿಲ್ಲಿಸಿ ಅವಳತ್ತ ಎರಡೂ ಕೈ ಚಾಚಿದ.