ಐವತ್ತೈದು ಹುಟ್ಟು ದೂರ

ದ್ವೀಪದ ಕೊಕ್ಕರೆಗಳನ್ನು ಒಟ್ಟಿಗೆ ಹಾರಿಸುವ ವಿದ್ಯೆ ಆ ಕೆರೆಯಲ್ಲಿ ಗೊತ್ತಿದ್ದದ್ದು ದೋಣಿಯಣ್ಣನೊಬ್ಬನಿಗೇ. ಮರಗಳ ಹತ್ತಿರ ಹೋಗಿ ಹುಟ್ಟನ್ನು ನೀರಿಗೆ ಪಟಾರನೆ ಬಡಿಯುವುದು, ಅಷ್ಟೇ. ಬಿಳಿ ಚಾದರ ಕೊಡವಿದ ಹಾಗೆ ಹಕ್ಕಿಗಳೆಲ್ಲ ಮೇಲೇಳುತ್ತಿದ್ದವು. ದೋಣಿಯಲ್ಲಿದ್ದವರು ಹೋ ಎನ್ನುತ್ತಿದ್ದರು. ಹದಿನೆಂಟು ವರ್ಷ ಅವನ ಸಂಸಾರ ಸಾಗಿದ್ದು ಆ ಹೋ ಎನ್ನುವುದರಿಂದಲೇ.

ಕಳೆದ ತಿಂಗಳು, ಯಾರದೋ ಟೋಪಿ ನೀರಿಗೆ ಬಿತ್ತೆಂದು, ಜನರನ್ನು ದಡಕ್ಕಿಳಿಸಿ ಒಬ್ಬನೇ ವಾಪಸು ಹೋದ. ಕೊಕ್ಕರೆಗಳು ಇನ್ನೂ ಆಕಾಶದಲ್ಲೇ ಸುತ್ತುತ್ತಿದ್ದವು. ಗೂಡುಗಳಲ್ಲಿ ಕಾಗೆಗಳು ಕೂತಿದ್ದವು. ಒಂದು ಗೂಡಿನ ಮೊಟ್ಟೆ ಕುಕ್ಕಿ ಮುಗಿಸಿ, ಯಾವ ಅವಸರವೂ ಇಲ್ಲದೆ ಪಕ್ಕದ ಗೂಡಿಗೆ ಹೋಗುತ್ತಿದ್ದವು. ಟೋಪಿ ಸಿಕ್ಕಿತು. ಅಂದಿನಿಂದ ಹುಟ್ಟು ಬಡಿಯಲು ಅವನ ಕೈ ಏಳಲಿಲ್ಲ. ಯಾಕೆಂದು ಯಾರಿಗೂ ಹೇಳಲಿಲ್ಲ.

ಈಗ ಆ ಕೆರೆ ಪಕ್ಷಿಧಾಮವಾಯಿತು. ದೋಣಿ ದಾಟಬಾರದ ಗೆರೆ ಹಾಕಲು ಅರಣ್ಯ ಇಲಾಖೆಯ ಮೇಡಂ ನೀಲಿ ಡ್ರಮ್ಮು, ಹಗ್ಗ ತಂದರು.

"ಎಲ್ಲಿ ಕಟ್ಟೋಣ ಅಣ್ಣಾ? ಈ ಕೆರೆ ನಿಮಗೆ ಗೊತ್ತಿದ್ದಷ್ಟು ನನಗೆ ಗೊತ್ತಿಲ್ಲ."

ಎರಡನೇ ದೋಣಿ ನಡೆಸುವ ಬಾಮೈದ ಅವನ ಪಕ್ಕೆಗೆ ತಿವಿದ. "ಭಾವ, ಮರದ ಬುಡಕ್ಕೇ ಅನ್ನಿ. ದೂರದಿಂದ ನೋಡೋಕೆ ಯಾರು ಬರ್ತಾರೆ? ಆಮೇಲೆ ಅಕ್ಕನ ಬಾಯಿಗೆ ನೀವೇ ಸಿಗ್ತೀರ."

"ನಿಮ್ಮಕ್ಕನ ಬಾಯಿ ನಂಗೇನು ಹೊಸದಾ? ಸುಮ್ನೆ ದೋಣಿ ಹತ್ತು."

ಹುಟ್ಟಿನ ಎಣಿಕೆಯಲ್ಲೇ ಅವನಿಗೆ ಆ ಕೆರೆಯ ದೂರವೆಲ್ಲ ಗೊತ್ತಿತ್ತು. ದಡದಿಂದ ತೊಂಬತ್ತು ಹುಟ್ಟಿಗೆ ದ್ವೀಪ. ಅರವತ್ತಕ್ಕೆ ಕೊಕ್ಕರೆಗಳು ಕತ್ತೆತ್ತಿ ನೋಡುತ್ತವೆ. ಅವನು ಐವತ್ತೈದಕ್ಕೆ ನಿಲ್ಲಿಸಿದ.

"ಇಲ್ಲೇ ಕಟ್ಟಿ."

"ಮರಗಳಿಂದ ಇಷ್ಟು ದೂರಾನಾ? ಇದರರ್ಧ ಸಾಕು ಅಂತ ನಮ್ಮ ಪುಸ್ತಕದಲ್ಲಿದೆ."

"ಪುಸ್ತಕ ಬರೆದೋನು ಹಕ್ಕಿ ಹಾರಿಸೋಕೆ ಹುಟ್ಟು ಬಡಿದಿಲ್ಲ ಮೇಡಂ. ನಾನು ಹದಿನೆಂಟು ವರ್ಷ ಬಡಿದಿದ್ದೀನಿ. ಅವು ಎದ್ದ ಮೇಲೆ ಕಾಗೆ ಬಂದು ಮೊಟ್ಟೆ ತಿಂತವೆ. ಕಣ್ಣಾರೆ ಕಂಡೆ. ಕಟ್ಟಿ ಅಂದ್ನಲ್ಲ!"

ಮೇಡಂ ಹಗ್ಗದ ತುದಿ ಅವನ ಕೈಗೆ ಕೊಟ್ಟರು. ಗಂಟು ಅವನೇ ಬಿಗಿದ.

"ಇನ್ಮೇಲೆ ಬಂದೋರಿಗೆ ನಿಮ್ಮ ಮುಖಾನೇ ತೋರಿಸಿ," ಎಂದು ಬಾಮೈದ ಗೊಣಗಿದ.

ಮರುದಿನ ದೋಣಿ ಹತ್ತಿದವರು ಐದೇ ಜನ. ಡ್ರಮ್ಮಿನ ಹತ್ತಿರ ಬಂದಾಗ ಅವರಲ್ಲೊಬ್ಬ ಕೇಳಿದ: "ಬರೀ ಬಿಳಿ ಚುಕ್ಕಿ ಕಾಣ್ತಿದೆಯಲ್ಲ. ಸ್ವಲ್ಪ ಹಾರಿಸ್ರೀ!"

ದೋಣಿಯಣ್ಣ ಎರಡೂ ಹುಟ್ಟುಗಳನ್ನು ಒಳಗೆಳೆದು ತೊಡೆಯ ಮೇಲಿಟ್ಟುಕೊಂಡ.

"ಮೊಟ್ಟೆಗೆ ಕಾವು ಕೊಡ್ತಾ ಕೂತಿವೆ. ನೀವೂ ಕೂತ್ಕೊಂಡೇ ನೋಡಿ."

ದ್ವೀಪದಲ್ಲಿ ಒಂದು ಕತ್ತೂ ಮೇಲೇಳಲಿಲ್ಲ.