ಗೌನಿನ ಗಂಟು

ಇದೊಂದನ್ನ ಕೇಳ್ರಿ, ಅರ್ಧಕ್ಕ ಎದ್ದು ಹೋಗಬ್ಯಾಡ್ರಿ.

"ಒಮ್ಮೆ ಕೊಯ್ದ ಹೊಟ್ಟಿ ಅದು, ಈಗ ನಾರ್ಮಲ್ ಬೇಕಂತ! ತೆಲಿ ನೆಟ್ಟಗ ಅದ ಏನಬೇ ನಿನಗ?"

ದೇವದುರ್ಗದ ಒಂದು ದವಾಖಾನಿ ವರಾಂಡದಾಗ ಡಾಕ್ಟ್ರಮ್ಮ ವೇದಶ್ರೀ ಒದರಿದ್ದು ಕನಕಮ್ಮಗ. ಹೆರಿಗಿ ಬ್ಯಾನಿ ತಿನ್ನಾಕಿ ಮಾತ್ರ ಸೊಸಿ ಮೌನೇಶ್ವರಿ. ಆಕಿ ಅಲ್ಲೇ ಗ್ವಾಡಿ ಹಿಡಕೊಂಡು ನಿಂತಿದ್ಲು, ಆಕಿನ್ನ ಯಾರೂ ಕೇಳವಲ್ರು.

ಅರಕೇರಾದ ಅತ್ತಿ-ಸೊಸಿ, ಹತ್ತಿ ಬಿಡಿಸೋ ಕೂಲಿಯವ್ರು. ಮೊದಲ್ನೇ ಕೂಸು ಕೊಯ್ದು ತೆಗೆದಾಗ ಹೊಲಿಗಿ ಕೀವಾಗಿ, ಆ ಸುಗ್ಗಿ ಪೂರಾ ಮೌನೇಶ್ವರಿಗೆ ಬಗ್ಗಾಕ ಆಗಲಿಲ್ಲ. "ರಾಣಿ ಬಂದ್ಳು, ಕುರ್ಚಿ ಹಾಕ್ರಲೇ" ಅಂತ ಮೇಸ್ತ್ರಿ ನಕ್ಕು ಓಡ್ಸಿದ್ದ. ಈ ಸಲ ರಾಯಚೂರಾಗ ತೋರ್ಸಿದಾಗ, ಹಳೇ ಗಾಯ ಚಲೋ ಮಾಯ್ದದ, ಆಪರೇಷನ್ ಸೌಲತ್ತಿದ್ದಲ್ಲಿ ಕಣ್ಣಿಟ್ಟು ನೋಡಿದ್ರ ಹಂಗೇ ಹಡಿಬಹುದು ಅಂದಿದ್ರು ಅಲ್ಲಿ ಡಾಕ್ಟ್ರು. ಬ್ಯಾನಿ ದಿಢೀರ್ ಸುರುವಾಗಿ ಹತ್ರದ ದೇವದುರ್ಗಕ್ಕ ಓಡಿ ಬಂದಿದ್ರು.

"ಮೇಡಮ್ರೀ, ರಾಯಚೂರಾಗ ಹೇಳ್ಯಾರ್ರೀ..." ಅಂದ್ಲು ಕನಕಮ್ಮ.

"ಹಂಗಾರ ಅಲ್ಲೇ ಸಾಯ್ಬೇಕಿತ್ತು! ಅರವಳಿಕಿ ಕೊಡೋ ಡಾಕ್ಟ್ರು ಈಗ ಹೊಂಟ್ರು, ಕೊಯ್ದ್ರ ಈಗಲೇ ಕೊಯ್ಬೇಕು. ಆಮ್ಯಾಲೆ ಒಳಗ ಹಳೇ ಹೊಲಿಗಿ ಹರದ್ರ ಬರಾವ್ರು ಯಾರು, ನಿಮ್ಮಪ್ಪನಾ? ನಾಳಿ ನೀವೇ ಬಂದು ಗ್ಲಾಸ್ ಒಡಿತೀರಿ. ನಿಮ್ಮ ಜನ ಗೊತ್ತಿಲ್ಲೇನು ನನಗ?"

ಕನಕಮ್ಮ ಕೈ ಮುಗಿದ್ಲು. ಹರಿಯೋದು ಸುಳ್ಳಲ್ಲ, ಅಪರೂಪಕ್ಕ ಆಗ್ತದ ಅಂತ ರಾಯಚೂರಿನವ್ರೂ ಅಂದಿದ್ರು.

"ರಾಯಚೂರಿಗೆ ಗಾಡಿ ಆದ್ರೂ ಕೊಡ್ರಿ ಯವ್ವಾ."

"ಅದೇನ್ ನಿಮ್ಮ ಹೊಲದ ಬಂಡಿ ಅನ್ಕೊಂಡಿ?"

ನರ್ಸ್ ನೂರ್ ಬೀ ಆಪರೇಷನ್ನಿನ ಹಸಿರು ಗೌನು ತಂದು ಮೌನೇಶ್ವರಿಗೆ ಹಾಕಿ, ಹಿಂದ ಎರಡು ಗಂಟು ಬಿಗಿದ್ಲು. ಕನಕಮ್ಮ ಗಾಬರಿ ಆದ್ಲು. ಹಡಿಯಾಕಿ ಹತ್ರ ಗಂಟಿದ್ರ ಕೂಸು ಹೊರಗ ಬರಂಗಿಲ್ಲ ಅಂತ ಮನ್ಯಾಗ ಆಡಿನ ಹಗ್ಗ, ಟ್ರಂಕಿನ ಕೀಲಿ, ತನ್ನ ತುರುಬು, ಎಲ್ಲಾ ಬಿಚ್ಚಿ ಬಂದಾಕಿ ಆಕಿ.

"ಸಿಸ್ಟರ್, ಗಂಟು ಬ್ಯಾಡ್ರೀ."

"ಹಂಗಾರ ಸೊಸಿನ್ನ ಬತ್ಲೆ ಒಯ್ಲಾ ಅಜ್ಜಿ?"

ವರಾಂಡ ಪೂರಾ ನಕ್ತು.

ಮೌನೇಶ್ವರಿ ಗಂಡ ಯಲ್ಲಾಲಿಂಗ ಮಾನ್ವಿ ಕಡಿ ಭತ್ತ ಕೊಯ್ಯಾಕ ಹೋಗಿದ್ದ. ಡಾಕ್ಟ್ರಮ್ಮ ಆಪರೇಷನ್ ಒಪ್ಪಿಗಿ ಕಾಗದ, ಇಂಕಿನ ಡಬ್ಬಿ ಕನಕಮ್ಮನ ಮುಂದ ತಳ್ಳಿದ್ಲು. "ಹೆಬ್ಬಟ್ಟು ಒತ್ತು."

ಕನಕಮ್ಮ ಬೆರಳು ಅದ್ದೇ ಬಿಟ್ಲು.

"ಹೊಟ್ಟಿ ನಂದ್ರೀ!" ಮೌನೇಶ್ವರಿ ಹಲ್ಲು ಕಚ್ಚಿ ಅಂದ್ಲು. "ಹೆಬ್ಬಟ್ಟು ಆಕಿದ್ಯಾಕ? ನನಗ ಸೈನ್ ಬರ್ತದ. ನನ್ನ ಕೇಳ್ರಿ!"

"ಬ್ಯಾನಿ ತಿನ್ನಾಕಿನ್ನ ಏನ್ ಕೇಳೋದು? ಬಾಯಿ ಮುಚ್ಚು."

"ನಿಮ್ಮ ಬಾಯಾಗ ಮಣ್ಣ ಬೀಳ್ಲಿ! ಅತ್ತಿ, ಕೂಸು ಕೆಳಗಿಳಿಯಾಕತ್ತದ. ಒತ್ತಬ್ಯಾಡ ಅತ್ತಿ, ನಿನ್ನ ಕಾಲಿಗೆ ಬೀಳ್ತೀನಿ."

ಹೊರಗ ಅರವಳಿಕಿ ಡಾಕ್ಟ್ರ ಕಾರು ಚಾಲೂ ಆತು. ಡಾಕ್ಟ್ರಮ್ಮ ಕಿಟಕಿ ಕಡಿ ನೋಡಿ, "ತಡೀರಿ ಸರ್, ಒಂದೇ ನಿಮಿಷ" ಅಂತ ಕೂಗಿದ್ಲು.

ಕನಕಮ್ಮ ಕಪ್ಪಾದ ಬೆರಳನ್ನ ಸೆರಗಿಗೆ ಒರೆಸಿದ್ಲು. ಸೊಸಿ ಹಿಂದ ಹೋಗಿ ನಿಂತ್ಲು. ಮ್ಯಾಲಿನ ಗಂಟು ಎಳೆದು ಬಿಚ್ಚಿದ್ಲು.

"ಏಯ್ ಮುದುಕಿ! ಸತ್ರ ನಿನ್ನ ತೆಲಿ ಮ್ಯಾಲೆ!" ಡಾಕ್ಟ್ರಮ್ಮ ಒದರಿದ್ಲು.

ಗೇಟಿನಾಗ ಹಾರ್ನ್ ಬಾರಿಸಿ ಕಾರು ಹೊಂಟೇ ಬಿಡ್ತು. ಕೆಳಗಿನ ಗಂಟು ಬಿಗಿ ಇತ್ತು. ಬೆವರಿಗೆ ನೆನೆದಿತ್ತು. ಕನಕಮ್ಮನ ಉಗುರು ಅದರಾಗ ಸಿಕ್ಕೊಂಡಿತ್ತು. ಮೌನೇಶ್ವರಿ ಗ್ವಾಡಿ ಹಿಡಿದು ಮತ್ತೊಮ್ಮೆ ಚೀರಿದ್ಲು.

ಈಗ ಹೇಳ್ರಿ. ಆ ಗಂಟಿನ ಮ್ಯಾಲೆ ನಿಮ್ಮ ಕೈ ಇದ್ದಿದ್ರ, ನೀವು ಬಿಚ್ಚತಿದ್ರೋ, ಕಾರು ತಿರುಗಿಸ್ರಿ ಅಂತ ಕೂಗತಿದ್ರೋ?