ಬೇಲಿಯ ಆಚೆ ಬಿಟ್ಟ ನೀರು

ನೀರು ನಿಂತದ್ದು ಕಂಡರೆ ನನಗೆ ಸಿಟ್ಟು ಬರುತ್ತದೆ. ಮೂವತ್ತೊಂದು ವರ್ಷ ನೀರಾವರಿ ಇಲಾಖೆಯಲ್ಲಿ ದುಡಿದವನು ನಾನು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಬಾಗಲಕೋಟೆ ಸೀಮೆಯ ಜವಳು ಹಿಡಿದ ಹೊಲಗಳಿಂದ ನೀರು ಬಸಿದು ಹೊರಗೆ ಹಾಕುವುದರಲ್ಲೇ ಕಳೆಯಿತು. ಅಂಥವನ ಕಣ್ಣೆದುರಿಗೇ, ಅಮೆರಿಕದ ಸರಟೋಗಾದ ಗುಡ್ಡದ ಮೇಲಿನ ಮಗನ ಮನೆಯ ಹಿತ್ತಿಲಲ್ಲಿ, ಪಾದ ಮುಳುಗುವಷ್ಟು ನೀರು ವಾರಗಟ್ಟಲೆ ನಿಂತರೆ ಹೇಗಾಗಬೇಡ!

ನಿಂತದ್ದಾದರೂ ಎಲ್ಲಿ? ಮೊಮ್ಮಗಳು ರಂಜನಿ ಗುರಿ ಹೊಡೆಯುವ ಜಾಗದಲ್ಲಿ. ಅವಳಿಗೆ ಹದಿನಾಲ್ಕು ವರ್ಷ. ಏರ್ ರೈಫಲ್ಲಿನಲ್ಲಿ ಹತ್ತು ಮೀಟರ್ ದೂರದ ಗುರಿಗೆ ಹೊಡೆಯುತ್ತಾಳೆ. ಮಗ ಕಿರಣಕುಮಾರ ಹತ್ತು ಕಡೆ ಫೋನು ಮಾಡಿ, ನಿಯಮ ಕೇಳಿ, ಅವಳಿಗಾಗಿ ಹಿತ್ತಿಲಲ್ಲಿ ಒಂದು ಶೆಡ್ಡು ಕಟ್ಟಿಸಿದ್ದ. ಅವಳು ಶೆಡ್ಡಿನೊಳಗೆ ನಿಂತು ಹೊಡೆಯುತ್ತಾಳೆ. ಆ ತುದಿಗೆ ಕಾಗದದ ಗುರಿ, ಅದರ ಹಿಂದೆ ಆಳೆತ್ತರದ ಮಣ್ಣಿನ ಒಡ್ಡು. ನಾಲ್ಕು ವರ್ಷದಿಂದ ಹೊಡೆದ ಸೀಸದ ಗುಂಡುಗಳೆಲ್ಲ ಆ ಒಡ್ಡಿನ ಹೊಟ್ಟೆಯಲ್ಲಿ ಸೇರಿದ್ದವು. ಚಳಿಗಾಲದ ಮಳೆ ಹಿಡಿಯಿತೆಂದರೆ ಒಡ್ಡು ಜರಿಯುತ್ತಿತ್ತು, ಶೆಡ್ಡಿನ ಮುಂದೆ ಕೆರೆಯಾಗುತ್ತಿತ್ತು, ಅಭ್ಯಾಸ ಬಂದ್ ಆಗುತ್ತಿತ್ತು. ಈ ಸಲ ಮಾರ್ಚಿನಲ್ಲಿ ಅವಳ ಆಯ್ಕೆಯ ಸ್ಪರ್ಧೆಯಿತ್ತು.

ಮಗ ಒಬ್ಬ ಕಂತ್ರಾಟುದಾರನನ್ನು ಕರೆಸಿದ. ಬಿಳಿ ಬೂಟು ಹಾಕಿಕೊಂಡು ಬಂದಿದ್ದ ಪುಣ್ಯಾತ್ಮ. ನೆಲ ಮುಟ್ಟಲಿಲ್ಲ, ಒಂದು ಹಿಡಿ ಮಣ್ಣು ಎತ್ತಿ ನೋಡಲಿಲ್ಲ. ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದು, ಹಿತ್ತಿಲನ್ನೆಲ್ಲ ಅಗೆದು ಹೊಸದಾಗಿ ಇಳಿಜಾರು ಮಾಡಬೇಕು ಎಂದ. ನನಗೆ ಮೈಯೆಲ್ಲ ಉರಿದುಹೋಯಿತು.

"ಹಿತ್ತಲಾ ಯಾಕ ಕೆಡವಬೇಕೋ? ಒಡ್ಡಿನ ಬುಡಕ್ಕ ಒಂದ್ ಬಸಿಗಾಲುವಿ ತೆಗದ್ರ ಮುಗೀತು. ಮೊಣಕಾಲಮಟ ಅಗದು, ಕಡಿಕಲ್ಲ ಹಾಕಿ, ತೂತಿನ ಪೈಪ್ ಇಟ್ಟು, ಮ್ಯಾಲ ಮತ್ತ ಕಡಿ ಮುಚ್ಚೂದು. ನೂರಾರು ಎಕರೆದಾಗ ಮಾಡಿಸೀನಿ ನಾ," ಎಂದೆ.

"ಅಪ್ಪಾ, ನೀರು ಎಲ್ಲಿಗೆ ಬಿಡೂದು?" ಎಂದ ಕಿರಣ.

"ಇಳುಕಲಿಗೆ. ನೀರು ಇಳುಕಲಿಗೇ ಹೋಗತೈತಿ. ಅದಕ್ಕೇನ್ ನಿನ್ನ ಕಂಪನಿ ಪರ್ಮಿಶನ್ ಬೇಕಾ?"

ಮೂರು ಶನಿವಾರ ಅಪ್ಪ ಮಗ ಸೇರಿ ಅಗೆದೆವು. ನಾನು ದಾರ ಹಿಡಿದು, ಮಟ್ಟ ನೋಡಿ ಇಳಿಜಾರು ಕೊಟ್ಟೆ. ಒಡ್ಡಿನ ಬುಡ ಅಗೆಯುವಾಗ ಸಲಿಕೆಯ ತುಂಬ ಗುಂಡುಗಳು ಬಂದವು, ಮೇಲೆ ಬಿಳಿ ಪುಡಿ ಕಟ್ಟಿದ್ದವು. ಅವನ್ನು ಮಣ್ಣಿನ ಜೊತೆಗೇ ಅತ್ತ ಸರಿಸಿದೆ. ಪೈಪಿನ ಬಾಯಿಯನ್ನು ಹಿತ್ತಿಲಿನ ಕೆಳತುದಿಗೆ, ಬೇಲಿಯ ಹತ್ತಿರ ಬಿಟ್ಟೆವು. ಮುಂದಿನ ಮಳೆಗೆ ನೀರು ಗುಳುಗುಳು ಎಂದು ಹೊರಗೆ ಹೋಯಿತು. ಒಂದು ತಾಸಿನಲ್ಲಿ ಶೆಡ್ಡಿನ ಮುಂದೆ ನೆಲ ಕಂಡಿತು. ರಂಜನಿ ಕುಣಿದಳು. ನಾನು ಕೊಡೆ ಹಿಡಿದು ಪೈಪಿನ ಬಾಯಿಯ ಹತ್ತಿರ ಅರ್ಧ ಗಂಟೆ ನಿಂತೆ. ನಿವೃತ್ತಿಯಾದ ಮೇಲೆ ಅಷ್ಟು ಖುಷಿ ನನಗೆ ಇನ್ನೊಂದು ದಿನ ಆಗಿರಲಿಲ್ಲ.

ಬೇಲಿಯ ಕೆಳಗಿನ ಮನೆ ಉಡುಪಿಯ ಸೌದಾಮಿನಿಯವರದು. ನನಗಿಂತ ಎರಡು ಮೂರು ವರ್ಷ ಚಿಕ್ಕವರು. ಮಗಳು ಸುರಕ್ಷಾಳ ಜೊತೆಗಿದ್ದಾರೆ. ಸುರಕ್ಷಾ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಯಾವುದೋ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಈಗ ಐದು ತಿಂಗಳ ಬಸುರಿ. ಸೌದಾಮಿನಿಯವರು ಬೇಲಿಗೆ ಹೊಂದಿಕೊಂಡೇ ಮೆಂತೆ, ಪಾಲಕ್ ಬೆಳೆಯುತ್ತಾರೆ. ವಾರಕ್ಕೊಮ್ಮೆ ನಮಗೂ ಒಂದು ಚೀಲ ಬರುತ್ತದೆ. ಅವರ ಮೆಂತೆಪಲ್ಲೆಯನ್ನು ನಾವು ಉಳ್ಳಾಗಡ್ಡಿ ಹಚ್ಚಿ ಪಚಡಿ ಮಾಡಿ, ಹಸಿಯಾಗಿಯೇ ರೊಟ್ಟಿಯ ಜೊತೆ ತಿನ್ನುತ್ತಿದ್ದೆವು. "ನೀವು ಹಸಿಯೇ ತಿನ್ನುದಾ ಮಾರಾಯ್ರೆ!" ಎಂದು ಅವರು ನಗುತ್ತಿದ್ದರು.

ಫೆಬ್ರುವರಿಯಲ್ಲಿ ರಂಜನಿಯ ಕೋಚ್ ಬಂದಳು. ನನ್ನ ಕಾಲುವೆಯನ್ನು ಹೊಗಳುತ್ತಾಳೆ ಎಂದುಕೊಂಡಿದ್ದೆ. ಅವಳು ಒಡ್ಡು ನೋಡಿದಳು, ಪೈಪು ನೋಡಿದಳು, ನಡೆಯುತ್ತ ಬೇಲಿಯವರೆಗೂ ಹೋದಳು. ಅಲ್ಲಿಂದ ಕೆಳಗಿನ ಹಸಿರು ಮಡಿಗಳನ್ನು ನೋಡಿ ರಂಜನಿಯ ಕಿವಿಯಲ್ಲಿ ಏನೋ ಹೇಳಿದಳು. ಮರುದಿನವೇ ರಂಜನಿ ಪೈಪಿನ ಬಾಯಿಯ ಮಣ್ಣನ್ನು ಒಂದು ಪೊಟ್ಟಣದಲ್ಲಿ ಹಾಕಿ ಪರೀಕ್ಷೆಗೆ ಕಳಿಸಿದಳು.

ಸೋಮವಾರ ಉತ್ತರ ಬಂತು. ಆ ಮಣ್ಣಿನಲ್ಲಿ ಸೀಸ, ತರಕಾರಿ ಬೆಳೆಯುವ ಮಣ್ಣಿನಲ್ಲಿ ಇರಕೂಡದಷ್ಟು ಸೀಸ. ಗುಂಡಿನ ಮೇಲಿನ ಆ ಬಿಳಿ ಪುಡಿ ಮಳೆಯ ಜೊತೆ ತೊಳೆದು ಹೋಗುತ್ತದೆಯಂತೆ. ಸಣ್ಣ ಮಕ್ಕಳಿಗೆ ಕೆಟ್ಟದ್ದು, ಹೊಟ್ಟೆಯಲ್ಲಿರುವ ಕೂಸಿಗೆ ಇನ್ನೂ ಕೆಟ್ಟದ್ದು. ರಂಜನಿ ಓದಿ ಹೇಳುತ್ತಿದ್ದಳು, ನಾನು, ಮಗ, ಸೊಸೆ ಮೂವರೂ ಕೇಳುತ್ತಿದ್ದೆವು.

ನೀರನ್ನು ಹೊರಗೆ ಹಾಕಬೇಕು ಎಂದು ಗೊತ್ತಿದ್ದವನಿಗೆ ನೀರಿನಲ್ಲಿ ಏನಿದೆ ಎಂದು ನೋಡಬೇಕೆನ್ನುವುದು ಹೊಳೆಯಲಿಲ್ಲವಲ್ಲ! ಊರಲ್ಲಿ ಮೇಲಿನ ಹೊಲದವರು ತಮ್ಮ ಉಪ್ಪು ಬೆರೆತ ಸವಳು ನೀರನ್ನು ಕೆಳಗಿನವನ ಹೊಲಕ್ಕೆ ಬಿಟ್ಟಾಗ ನಾನೇ ಕೆಂಡಾಮಂಡಲವಾಗಿ ಬೈದವನು. ನಿಮ್ಮ ನೆಲ ಒಣಗಿದರೆ ಸಾಕೇನು, ಅವನು ಮಣ್ಣು ತಿನ್ನಬೇಕೇನು ಎಂದು ಕೇಳಿದವನು. ಈಗ ಮೇಲಿನ ಹೊಲದವನು ನಾನೇ.

ತಕ್ಷಣ ಚಪ್ಪಲಿ ಮೆಟ್ಟಿಕೊಂಡೆ. ಕಿರಣ ಬಾಗಿಲಿಗೆ ಅಡ್ಡ ನಿಂತ.

"ಅಪ್ಪಾ, ಎಲ್ಲಿಗೆ?"

"ಕೆಳಗ. ಹೇಳಿ ಬರ್ತೀನಿ."

"ತಡೀ ಸ್ವಲ್ಪ. ಇದು ಇಲ್ಲಿ ಹಂಗ ಆಗೂದಿಲ್ಲ. ಅವರು ಕೋರ್ಟಿಗೆ ಹೋಗಿ ಸ್ಯೂ ಮಾಡಿದ್ರ ಮನಿ ಹೋಗತೈತಿ. ಮೊದಲ ಲಾಯರ್ ಜೋಡಿ ಮಾತಾಡ್ತೀನಿ. ಶುಕ್ರವಾರ ಅಪಾಯಿಂಟ್‌ಮೆಂಟು ಸಿಕ್ಕೈತಿ. ಅಲ್ಲೀತನಾ ಯಾರೂ ಏನೂ ಅನಬ್ಯಾಡ್ರಿ. ಪೈಪ್ ಇವತ್ತ ಬಂದ್ ಮಾಡ್ತೀನಿ."

"ಪೈಪ್ ಬಂದ್ ಮಾಡಿದ್ರ ಮಡ್ಯಾಗ ಹೋಗಿದ್ದು ತಿರಗಿ ಬರತೈತೇನಲೇ? ಅಲ್ಲಿ ಬಸರ್ ಹೆಂಗಸ ಅದಾಳ!"

"ಐದು ದಿನ ಅಪ್ಪಾ. ಐದು ದಿನಕ್ಕ ಏನೂ ಆಗೂದಿಲ್ಲ."

ಕೂಗಾಡಿದೆ. ಇದಕ್ಕಾಗಿಯೇ ಓದಿಸಿದೆನೇನು ನಿನ್ನನ್ನು ಎಂದೆ. ನೆರೆಮನೆಯವರಿಗೆ ಒಂದು ಮಾತು ಹೇಳಲು ವಕೀಲನನ್ನು ಕೇಳುವ ದೇಶವೂ ಒಂದು ದೇಶವೇ ಎಂದೆ. ಸೊಸೆ ಉಮಾಶ್ರೀ ಕಿಟಕಿಗಳನ್ನೆಲ್ಲ ಮುಚ್ಚಿದಳು. ಕಿರಣ ತಲೆ ತಗ್ಗಿಸಿ ಎಲ್ಲ ಬೈಗುಳ ಕೇಳಿಸಿಕೊಂಡ, ಬಾಗಿಲು ಬಿಟ್ಟು ಮಾತ್ರ ಸರಿಯಲಿಲ್ಲ. ಕೊನೆಗೆ ನಾನು ಚಪ್ಪಲಿ ಬಿಚ್ಚಿದೆ.

ಬುಧವಾರ ಮಧ್ಯಾಹ್ನ ಸೌದಾಮಿನಿಯವರೇ ಬಂದರು. ಕೈಯಲ್ಲಿ ಚೀಲ.

"ಈ ಸಲ ಪಾಲಕ್ ಎಂತ ಚಂದ ಬಂದದೆ ನೋಡಿ! ನೀವು ನೀರು ಬಿಟ್ಟದ್ದು ಒಳ್ಳೇದೇ ಆಯ್ತು, ಮಡಿ ಒಣಗುದೇ ಇಲ್ಲ. ಸುರಕ್ಷಾಳಿಗೆ ಕಬ್ಬಿಣದ ಅಂಶ ಕಮ್ಮಿ ಉಂಟಂತೆ. ದಿನಾ ಇದ್ರದ್ದೇ ತಂಬುಳಿ, ಇದ್ರದ್ದೇ ಸಾರು."

ಉಮಾಶ್ರೀ ಎರಡೂ ಕೈಯಿಂದ ಚೀಲ ತೆಗೆದುಕೊಂಡಳು. "ಅಯ್ಯ, ಎಷ್ಟು ಚಲೋ ಅದಾವ್ರೀ! ಯಾಕ ತ್ರಾಸ ತಗೊಂಡ್ರಿ?" ಎಂದಳು. ಚಹಾ ಕೊಟ್ಟಳು. ಬಾಣಂತನದ ಮಾತಾಡಿದಳು. ನಾನು ಅದೇ ಕೋಣೆಯಲ್ಲಿ ಕುರ್ಚಿಯ ಮೇಲೆ ಕುಳಿತಿದ್ದೆ. ಬಾಯಿ ತೆರೆದರೆ ಎಲ್ಲ ಹೊರಗೆ ಬರುತ್ತದೆ ಎಂದು ಚಹಾ ಕುಡಿಯುತ್ತಲೇ ಇದ್ದೆ.

ಬಾಗಿಲು ಮುಚ್ಚಿತು. ಉಮಾಶ್ರೀ ಚೀಲವನ್ನು ಇನ್ನೊಂದು ಚೀಲದಲ್ಲಿ ಹಾಕಿ, ಗಂಟು ಹಾಕಿ, ಕಸದ ಡಬ್ಬಿಯಲ್ಲಿ ಹಾಕಿದಳು. ಆಮೇಲೆ ಸೋಪು ಹಚ್ಚಿ ಕೈ ತೊಳೆದುಕೊಂಡಳು.

ಆಗ ನನ್ನ ಸಿಟ್ಟು ನೆತ್ತಿಗೇರಿತು. "ನಾಚಿಕಿ ಬರೂದಿಲ್ಲೇನು ನಿಮಗ? ನಮ್ಮ ಬಾಯಿಗೆ ಬ್ಯಾಡಾದದ್ದು ಆ ಹುಡಿಗಿ ಬಾಯಿಗೆ ನಡೀತೈತೇನು?"

"ನನಗೇನ್ ಸಂಕಟ ಆಗೂದಿಲ್ಲೇನ್ರೀ ಮಾವಾರ?" ಅವಳ ಕಣ್ಣಲ್ಲಿ ನೀರು ಬಂತು. "ಶುಕ್ರವಾರ ಅಂದಾರಲ್ಲ. ನೀವೂ ಇಲ್ಲೇ ಕುಂತಿದ್ರಿ."

ಅವಳು ಅಂದದ್ದು ನಿಜ. ಅದಕ್ಕೇ ಇನ್ನೂ ಜೋರಾಗಿ ಕೂಗಿದೆ. ಸಂಜೆ ಕಿರಣ ಬಂದ ಮೇಲೆ ಅವನಿಗೂ ಕೂಗಿದೆ. ಗುರುವಾರ ಬೆಳಿಗ್ಗೆ ತಿಂಡಿಯ ಹೊತ್ತಿನಲ್ಲಿ ಮತ್ತೆ ಶುರು ಮಾಡಿದೆ.

ಶುಕ್ರವಾರ ವಕೀಲ ಅಪಾಯಿಂಟ್‌ಮೆಂಟನ್ನು ಮುಂದಿನ ಮಂಗಳವಾರಕ್ಕೆ ಹಾಕಿದ. ಕಿರಣ ಅದನ್ನು ಹೇಳಿದಾಗ ನಾನು ತಟ್ಟೆ ದೂಡಿ ಎದ್ದೆ. ಮಂಗಳವಾರದವರೆಗೆ ಆ ಕೂಸು ಹೊಟ್ಟೆಯಲ್ಲಿ ಉಸಿರು ಬಿಗಿಹಿಡಿದು ಕೂಡಬೇಕೇನು ಎಂದು ಕಿರುಚಿದೆ.

ರಂಜನಿ ತಟ್ಟೆಯಿಂದ ತಲೆ ಎತ್ತಿದಳು.

"ಯು ಶೌಟ್ ಎವ್ರಿ ಡೇ, ಅಜ್ಜಾ," ಎಂದಳು. "ಬಟ್ ಯಾರೂ ಅವ್ರಿಗೆ ಹೇಳ್ಲಿಲ್ಲ. ನಾನು ಹೇಳ್ತೀನಿ. ಶೆಡ್ ಕ್ಲೋಸ್ ಆದ್ರೂ ಓಕೆ, ನಂಗೆ ಕಾಂಪಿಟಿಶನ್ ಬೇಡ."

ಅವಳು ಎದ್ದೇಬಿಟ್ಟಳು. ಹದಿನಾಲ್ಕು ವರ್ಷದ ಮಗು ತನ್ನ ನಾಲ್ಕು ವರ್ಷದ ಅಭ್ಯಾಸವನ್ನು ತಟ್ಟೆ ಸರಿಸಿದಷ್ಟು ಸಲೀಸಾಗಿ ಸರಿಸಿತು. ನಾನು ನಾಲ್ಕು ದಿನದಿಂದ ಮಗನಿಗೆ ಹೆದರಿ, ಆ ಹೆದರಿಕೆಗೆ ಸಿಟ್ಟು ಎಂದು ಹೆಸರಿಟ್ಟುಕೊಂಡು ಕುಳಿತಿದ್ದೆ. ಅವಳನ್ನು ಭುಜ ಹಿಡಿದು ಕೂಡಿಸಿದೆ. ಕಾಲುವೆ ತೋಡಿದವನು ನಾನು, ಹೇಳಬೇಕಾದವನೂ ನಾನೇ ಎಂದೆ. ಕಿರಣ ಈ ಸಲ ಬಾಗಿಲಿಗೆ ಬರಲಿಲ್ಲ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಲ್ಲೇ ಕುಳಿತಿದ್ದ.

ಸೌದಾಮಿನಿಯವರ ಮನೆಯಲ್ಲಿ ಊಟ ನಡೆದಿತ್ತು. ಸುರಕ್ಷಾ ಅನ್ನಕ್ಕೆ ಹಸಿರು ತಂಬುಳಿ ಕಲಸುತ್ತಿದ್ದಳು.

"ಬನ್ನಿ ಬನ್ನಿ ಸಿದ್ರಾಮಪ್ಪನವ್ರೆ, ಊಟ ಮಾಡಿ," ಎಂದರು ಸೌದಾಮಿನಿಯವರು.

"ಅದನ್ನ ತಿನಬ್ಯಾಡವ್ವಾ," ಎಂದೆ ಸುರಕ್ಷಾಳಿಗೆ. "ಕೈ ತೊಳಕೋ."

ನಿಂತುಕೊಂಡೇ ಎಲ್ಲ ಹೇಳಿದೆ. ಒಡ್ಡು, ಗುಂಡು, ಬಿಳಿ ಪುಡಿ, ಪೈಪು, ಪರೀಕ್ಷೆಯ ಕಾಗದ. ಮಗನ ಹೆಸರೆತ್ತಲಿಲ್ಲ, ನನ್ನ ತಪ್ಪು ಎಂದಷ್ಟೇ ಹೇಳಿದೆ. ಲ್ಯಾಬಿನಲ್ಲಿ ಕೆಲಸ ಮಾಡುವ ಸುರಕ್ಷಾಳಿಗೆ ಅರ್ಧ ಮಾತಿಗೇ ಪೂರ್ತಿ ಅರ್ಥವಾಯಿತು. ಅವಳು ಎದ್ದು, ಡಾಕ್ಟರಿಗೆ ಫೋನು ಮಾಡಲು ಒಳಗೆ ಹೋದಳು. ಸೌದಾಮಿನಿಯವರು ಮಗಳ ತಟ್ಟೆಯನ್ನೇ ನೋಡುತ್ತ ಕುಳಿತಿದ್ದರು. ಬೈಯಲಿ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಕಾಗದ ಯಾವತ್ತು ಬಂದದ್ದು?" ಎಂದು ಕೇಳಿದರು.

"ಸೋಮವಾರ, ಅಕ್ಕಾರ."

"ಸೋಮವಾರ." ಬೆರಳಿನಿಂದ ಮೇಜಿನ ಮೇಲೆ ಏನನ್ನೋ ಒರೆಸಿದರು. "ನಾನು ಸೊಪ್ಪು ತಂದದ್ದು ಬುಧವಾರ. ನೀವು ಅಲ್ಲಿಯೇ ಕೂತಿದ್ರಿ."

"ಹೌದ್ರಿ."

ಅವರು ತಲೆ ಎತ್ತಿ ನನ್ನ ಮುಖ ನೋಡಿದರು.

"ಅದನ್ನು ನೀವು ತಿಂದ್ರಾ?"

ನಾಲ್ಕು ದಿನ ಮನೆಯ ಸೂರು ಹಾರಿಹೋಗುವ ಹಾಗೆ ಕೂಗಾಡಿದವನು ಈಗ ಮೆಲ್ಲಗೆ ಬಾಯಿ ತೆರೆದೆ.

"ಇಲ್ರೀ," ಎಂದೆ. "ಕಸದಾಗ ಒಗದ್ವಿ."